ಆ ಎರಡನೇ ಡೋಸ್ ತಪ್ಪಿದ್ದೆಲ್ಲಿ?

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನ ಹಳ್ಳಿಯವನು, ಮನೆಯಲ್ಲಿ ರೇಷ್ಮೆ ಕೆಲಸ. 2021ರ ಏಪ್ರಿಲ್ 6ರಂದು, ಯುಗಾದಿಗೆ ಒಂದು ವಾರ ಮುಂಚೆ, ನಮ್ಮಪ್ಪನಿಗೆ ಕೋವಿಶೀಲ್ಡ್ ಮೊದಲ ಡೋಸ್ ಹಾಕಿಸಿದೆ. ಆಗ ಅವರಿಗೆ 61 ವರ್ಷ. ಆರು ವಾರ ಬಿಟ್ಟು ಬನ್ನಿ ಅಂದಿದ್ದರು. ಮೇ 18ಕ್ಕೆ ದಾರಿಯಲ್ಲಿ ಪೊಲೀಸರಿಗೆ ಕೈಮುಗಿದುಕೊಂಡು ಪಿಎಚ್‌ಸಿಗೆ ಕರಕೊಂಡು ಹೋದರೆ, ‘84 ದಿನ ಆಗ್ಬೇಕು, ಕಂಪ್ಯೂಟರೇ ತಗೊಳ್ಳಲ್ಲ’ ಅಂತ ವಾಪಸ್ ಕಳಿಸಿದರು. ಅದಕ್ಕೆ ಒಂದು ವಾರ ಮುಂಚೆ ಅದೇ ಪಿಎಚ್‌ಸಿ ಮುಂದೆ ಬೆಂಗಳೂರು ನಂಬರಿನ ಕಾರುಗಳು ಸಾಲಾಗಿ ನಿಂತಿದ್ದವು. ಮೇ 27ಕ್ಕೆ ಅಪ್ಪನಿಗೆ ಜ್ವರ ಬಂತು. ಜೂನ್ 8ಕ್ಕೆ ಹೋಗಿಬಿಟ್ಟರು. ಆ ವರ್ಷ ಡಿಸೆಂಬರ್‌ನಲ್ಲಿ ಅವರ ನಂಬರಿಗೆ ಮೆಸೇಜು ಬಂತು: ಎರಡನೇ ಡೋಸ್ ಯಶಸ್ವಿಯಾಗಿ ಹಾಕಲಾಗಿದೆ! ಈಗ ಆಶಾ ಅಕ್ಕ ಮನೆಗೆ ಬಂದು, ನನ್ನ ಒಂದೂವರೆ ವರ್ಷದ ಮಗಳಿಗೆ ಮೆದುಳು ಜ್ವರದ ಎರಡನೇ ಡೋಸ್ ಬಾಕಿ ಇದೆ ಅಂತಿದ್ದಾರೆ. ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ನೋಡಿದ ಮೇಲೆ ನನ್ನ ಹೆಂಡತಿ ಬೇಡವೇ ಬೇಡ ಅಂತಾಳೆ. ಎರಡು ಪ್ರಶ್ನೆ ಡಾಕ್ಟ್ರೇ. ಎರಡನೇ ಡೋಸ್ ಬಿದ್ದಿದ್ದರೆ ಅಪ್ಪ ಉಳೀತಿದ್ದರಾ? ಒಂದು ಸಲ ಇವರ ಮಾತು ನಂಬಿದ್ದಾಯಿತು, ಮಗಳ ವಿಷಯಕ್ಕೆ ಮತ್ತೆ ಯಾಕೆ ನಂಬಬೇಕು?

ಉತ್ತರ (ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಲಸಿಕಾ ಕಾರ್ಯಕ್ರಮದಲ್ಲಿ ಕೆಲಸ ಮಾಡಿದ ಸಮುದಾಯ ವೈದ್ಯಕೀಯ ತಜ್ಞರಿಂದ):

ನೀವು ತಾರೀಖು ಸಮೇತ ಬರೆದದ್ದು ಒಳ್ಳೆಯದಾಯಿತು. ನಿಮ್ಮ ಮೊದಲ ಪ್ರಶ್ನೆಗೆ ಸಮಾಧಾನದ ಮಾತು ಎಷ್ಟು ಬೇಕಾದರೂ ಹೇಳಬಹುದು, ಆದರೆ ನೀವು ಕೇಳಿದ್ದು ಅದನ್ನಲ್ಲ. ತಾರೀಖುಗಳನ್ನೇ ಹಿಡಿದು ನೋಡೋಣ.

ಆಗ ನಮ್ಮಲ್ಲಿ ಹರಡುತ್ತಿದ್ದದ್ದು ಡೆಲ್ಟಾ ಎಂಬ ಕೊರೊನಾ ತಳಿ. ಸೋಂಕು ತಗುಲಿದ ನಾಲ್ಕೈದು ದಿನಕ್ಕೆ ಜ್ವರ ಕಾಣಿಸುತ್ತಿತ್ತು. ತಂದೆಯವರಿಗೆ ಮೇ 27ಕ್ಕೆ ಜ್ವರ ಬಂತೆಂದರೆ ಸೋಂಕು ಹೊಕ್ಕದ್ದು ಬಹುಮಟ್ಟಿಗೆ 22 ಅಥವಾ 23ಕ್ಕೆ. ಮೇ 18ರಂದು ಅವರು ಡೋಸ್ ಹಾಕಿಯೇ ಕಳಿಸಿದ್ದರೂ ಅದಕ್ಕೂ ಸೋಂಕಿಗೂ ನಡುವೆ ಸಿಗುತ್ತಿದ್ದದ್ದು ನಾಲ್ಕೈದು ದಿನ. ಎರಡನೇ ಡೋಸ್‌ನ ಬಲ ಮೈಗೆ ಪೂರ್ತಿ ಬರಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಆ ದಿನ ನಿಮ್ಮನ್ನು ವಾಪಸ್ ಕಳಿಸದೇ ಇದ್ದಿದ್ದರೂ ಫಲಿತಾಂಶ ಬದಲಾಗುವ ಸಾಧ್ಯತೆ ಕಡಿಮೆಯಿತ್ತು. ಪಿಎಚ್‌ಸಿ ಬಾಗಿಲಲ್ಲಿ ನೀವು ಇನ್ನೂ ಸ್ವಲ್ಪ ಜಗಳವಾಡಬೇಕಿತ್ತು, ಯಾರದಾದರೂ ಕಾಲು ಹಿಡಿಯಬೇಕಿತ್ತು ಎಂದು ಈ ನಾಲ್ಕು ವರ್ಷ ನಿಮ್ಮೊಳಗೆ ಕೊರೆಯುತ್ತಿದ್ದರೆ, ಅದನ್ನು ಬಿಟ್ಟುಬಿಡಿ. ಲೆಕ್ಕ ಅದಕ್ಕೆ ಒಪ್ಪುವುದಿಲ್ಲ.

ಆದರೆ ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ. 2021ರ ಜನವರಿ 16ರಂದು ಲಸಿಕೆ ಶುರುವಾದಾಗ ಎರಡು ಡೋಸ್‌ಗಳ ನಡುವಿನ ಅಂತರ 4ರಿಂದ 6 ವಾರ. ಮಾರ್ಚ್ 22ರಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಪತ್ರ ಬರೆದು, ಕೋವಿಶೀಲ್ಡ್‌ಗೆ ಅದನ್ನು 4ರಿಂದ 8 ವಾರ ಮಾಡಿತು. 6ರಿಂದ 8 ವಾರದ ನಡುವೆ ಕೊಟ್ಟರೆ ರಕ್ಷಣೆ ಹೆಚ್ಚು, 8 ವಾರ ದಾಟಿಸಬೇಡಿ ಎಂದೂ ಅದರಲ್ಲಿತ್ತು. ಅಂದರೆ ತಂದೆಯವರಿಗೆ ಮೊದಲ ಡೋಸ್ ಬಿದ್ದ ದಿನದ ನಿಯಮದಂತೆ ಮೇ 4ಕ್ಕೇ ಎರಡನೆಯದನ್ನು ಹಾಕಲು ಅಡ್ಡಿ ಇರಲಿಲ್ಲ. ಹಾಗೆ ಹಾಕಿದ್ದರೆ ಸೋಂಕು ತಗುಲುವ ಹೊತ್ತಿಗೆ 18–19 ದಿನ ಆಗಿರುತ್ತಿತ್ತು. ಆಗ ಪರಿಸ್ಥಿತಿಯೇ ಬೇರೆ.

ಎಷ್ಟು ಬೇರೆ? ಡೆಲ್ಟಾ ಎದುರು ಇದೇ ಲಸಿಕೆ ಆಸ್ಪತ್ರೆ ಸೇರುವುದನ್ನು ಒಂದು ಡೋಸ್‌ನಲ್ಲಿ ಶೇ 71ರಷ್ಟು, ಎರಡು ಡೋಸ್‌ನಲ್ಲಿ ಶೇ 92ರಷ್ಟು ತಡೆಯುತ್ತದೆ ಎಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ 2021ರ ಜೂನ್‌ನಲ್ಲಿ ಪ್ರಕಟಿಸಿತು. ಲಸಿಕೆಯೇ ಇಲ್ಲದವರಲ್ಲಿ 100 ಮಂದಿ ಆಸ್ಪತ್ರೆ ಸೇರುವ ಕಡೆ, ಒಂದು ಡೋಸ್ ಆದವರಲ್ಲಿ 29 ಮಂದಿ, ಎರಡೂ ಆದವರಲ್ಲಿ 8 ಮಂದಿ ಸೇರುತ್ತಾರೆ ಎಂದು ಇಟ್ಟುಕೊಳ್ಳಿ. ತಂದೆಯವರು ಆ 29ರಲ್ಲಿ ಒಬ್ಬರಾದರು. ಎರಡು ಡೋಸ್ ಆಗಿದ್ದರೆ ಉಳಿಯುವ 21 ಮಂದಿಯಲ್ಲಿ ಇರುತ್ತಿದ್ದರೋ, ಆಗಲೂ ಸೇರುವ 8 ಮಂದಿಯಲ್ಲಿ ಇರುತ್ತಿದ್ದರೋ, ಒಬ್ಬ ಮನುಷ್ಯನ ವಿಷಯದಲ್ಲಿ ಯಾವ ವಿಜ್ಞಾನವೂ ಹೇಳಲಾರದು. 21 ದೊಡ್ಡದು, 8 ಚಿಕ್ಕದು. ನಿಮ್ಮ ಸಿಟ್ಟಿಗೆ ಆಧಾರವಿಲ್ಲ ಎಂದು ಯಾರಾದರೂ ಅಂದರೆ ಈ ಎರಡು ಅಂಕಿ ತೋರಿಸಿ.

ಇನ್ನು ಆ 84 ದಿನದ ವಿಷಯ. ಇದನ್ನು ಕೊಂಚ ಬಿಡಿಸಿ ಹೇಳಬೇಕು. ‘ಸ್ಟಾಕ್ ಇರಲಿಲ್ಲ, ಅದಕ್ಕೆ ಸುಳ್ಳು ಹೇಳಿದರು’ ಅನ್ನುವವರೂ ‘ಅದು ಶುದ್ಧ ವಿಜ್ಞಾನ’ ಅನ್ನುವವರೂ ಅರ್ಧರ್ಧ ಸರಿ.

ವಿಜ್ಞಾನ ಇದ್ದದ್ದು ನಿಜ. 2021ರ ಫೆಬ್ರುವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಲ್ಲಿ, ಎರಡು ಡೋಸ್ ನಡುವೆ 6 ವಾರಕ್ಕಿಂತ ಕಡಿಮೆ ಇದ್ದವರಲ್ಲಿ ಲಸಿಕೆಯ ಪರಿಣಾಮ ಶೇ 55, 12 ವಾರ ಅಥವಾ ಹೆಚ್ಚು ಇದ್ದವರಲ್ಲಿ ಶೇ 81 ಎಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಆಗಲೇ 8ರಿಂದ 12 ವಾರ ಎಂದು ಸಲಹೆ ಕೊಟ್ಟಿತ್ತು. ಮಾರ್ಚ್‌ನಲ್ಲಿ ‘8 ದಾಟಿಸಬೇಡಿ’ ಎಂದು ಪತ್ರ ಬರೆಯುವಾಗ ಈ ಅಂಕಿಗಳು ದೆಹಲಿಯಲ್ಲಿ ಇದ್ದೇ ಇದ್ದವು. ಮೇ 13ಕ್ಕೆ ಅದೇ ಸರ್ಕಾರ ‘12 ವಾರ ಆಗುವ ತನಕ ಹಾಕಬೇಡಿ, 16ರೊಳಗೆ ಹಾಕಿ’ ಅಂದಿತು. ಎರಡು ತಿಂಗಳೂ ಕಳೆದಿರಲಿಲ್ಲ. ದಾಟಬಾರದ ಗಡಿ ದಾಟಲೇಬೇಕಾದ ಗಡಿಯಾಯಿತು. ಲಸಿಕೆ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ತಾಂತ್ರಿಕ ಸಲಹಾ ಗುಂಪಿನ ಕೆಲವು ಸದಸ್ಯರು, ತಾವು ಒಪ್ಪಿದ್ದು 8ರಿಂದ 12 ವಾರಕ್ಕೆ, 16ಕ್ಕಲ್ಲ ಎಂದು ಮುಂದಿನ ತಿಂಗಳು ಸುದ್ದಿಸಂಸ್ಥೆಗೆ ಹೇಳಿದರು. ಸರ್ಕಾರ ಅದನ್ನು ಅಲ್ಲಗಳೆಯಿತು.

ಬ್ರಿಟನ್ ಕೂಡ 12 ವಾರ ಮಾಡಿತ್ತು, 2020ರ ಡಿಸೆಂಬರ್ ಕೊನೆಯಲ್ಲೇ. ಆದರೆ ಅಲ್ಲಿ ಕಾರಣವನ್ನು ಬಾಯಿಬಿಟ್ಟು ಹೇಳಿದ್ದರು: ಇರುವ ಲಸಿಕೆಯಲ್ಲಿ ಆದಷ್ಟು ಹೆಚ್ಚು ಜನಕ್ಕೆ ಮೊದಲ ಡೋಸ್ ತಲುಪಿಸಬೇಕು. ಕೊರತೆಯ ಕಾಲದಲ್ಲಿ ಇದು ತಪ್ಪು ಲೆಕ್ಕವೇನಲ್ಲ. ನಿಮ್ಮೂರಲ್ಲಿ ಇಬ್ಬರು ಮುದುಕರು, ಕೈಯಲ್ಲಿ ಎರಡೇ ಡೋಸ್ ಇದ್ದರೆ, ಇಬ್ಬರಿಗೂ ಶೇ 71 ಕೊಡುವುದು ಒಬ್ಬರಿಗೆ ಶೇ 92 ಕೊಟ್ಟು ಇನ್ನೊಬ್ಬರಿಗೆ ಸೊನ್ನೆ ಕೊಡುವುದಕ್ಕಿಂತ ಮೇಲು. ನಾನು ಆ ಕುರ್ಚಿಯಲ್ಲಿದ್ದರೂ ಅಂತರ ಹೆಚ್ಚಿಸುತ್ತಿದ್ದೆ. ಆದರೆ ‘ಲಸಿಕೆ ಸಾಲದು, ಅದಕ್ಕೇ ಹೀಗೆ ಮಾಡುತ್ತಿದ್ದೇವೆ, ಇದರಿಂದ ನಿಮ್ಮ ತಂದೆಗೆ ಕೆಲವು ವಾರ ಅಪಾಯ ಜಾಸ್ತಿ, ಅಲ್ಲಿಯ ತನಕ ಮನೆಯಲ್ಲೇ ಇರಿಸಿಕೊಳ್ಳಿ’ ಎಂದು ಹೇಳಿಯೇ ಮಾಡಬೇಕಿತ್ತು. ಕೊನೆಯ ಆ ಮಾತು ನಮ್ಮಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಕರ್ನಾಟಕದಲ್ಲಿ ಒಂದೇ ದಿನ 50 ಸಾವಿರ ದಾಟಿ ಪ್ರಕರಣ ಬಂದದ್ದು ಮೇ 5ಕ್ಕೆ. ಆ ಬಿಸಿ ಆರುವ ಮುಂಚೆಯೇ ಅಂತರ ಹೆಚ್ಚಿತು, ಎಚ್ಚರಿಕೆ ಮಾತ್ರ ಜೊತೆಗೆ ಬರಲಿಲ್ಲ.

ಇನ್ನೂ ಒಂದು ಕೇಳಿ. ನಾವು ಅಂತರ ಹೆಚ್ಚಿಸಿದ ಮರುದಿನ, ಮೇ 14ಕ್ಕೆ, ಬ್ರಿಟನ್ ಡೆಲ್ಟಾ ಭಯದಿಂದ 50 ದಾಟಿದವರಿಗೆ ಅಂತರವನ್ನು 12ರಿಂದ 8 ವಾರಕ್ಕೆ ಇಳಿಸಿತು. ನಾವು ಕಣ್ಣಿಟ್ಟು ಅನುಸರಿಸುತ್ತಿದ್ದ ದೇಶವೇ ವಾಪಸ್ ತಿರುಗಿತು, ನಾವು ತಿರುಗಲಿಲ್ಲ. ತಂದೆಯವರು ತೀರಿಕೊಂಡ ಹಿಂದಿನ ದಿನ, ಜೂನ್ 7ರಂದು, ವಿದೇಶಕ್ಕೆ ಓದಲು, ಕೆಲಸಕ್ಕೆ, ಒಲಿಂಪಿಕ್ಸ್‌ಗೆ ಹೋಗುವವರಿಗೆ 28 ದಿನಕ್ಕೇ ಎರಡನೇ ಡೋಸ್ ಕೊಡಬಹುದು ಎಂಬ ಆದೇಶ ಹೊರಟಿತು. ವಿಮಾನ ಹತ್ತುವವನ ಮೈಗೆ 28 ದಿನ ಸಾಕು, ಹಿಪ್ಪುನೇರಳೆ ಸೊಪ್ಪು ಕೊಯ್ಯುವವನ ಮೈಗೆ 84 ದಿನ ಬೇಕು ಎಂದು ಜನ ಆಡಿಕೊಂಡದ್ದರಲ್ಲಿ ಕುಹಕ ಏನೂ ಇಲ್ಲ. ಕೊನೆಗೆ 2022ರ ಮಾರ್ಚ್‌ನಲ್ಲಿ, ಲಸಿಕೆ ಧಾರಾಳವಾಗಿ ಇದ್ದಾಗ, ಅದೇ ಸಲಹಾ ಗುಂಪು 8ರಿಂದ 16 ವಾರ ಸಾಕು ಎಂದು ಶಿಫಾರಸು ಮಾಡಿತು.

ಎಲ್ಲದರ ಬುಡದಲ್ಲಿ ಇದ್ದದ್ದು ಸ್ಟಾಕ್. ದೇಶದ ವಯಸ್ಕರು ಸುಮಾರು 94 ಕೋಟಿ, ತಲಾ ಎರಡರಂತೆ 188 ಕೋಟಿ ಡೋಸ್. ಆ ಬೇಸಿಗೆಯಲ್ಲಿ ಕೋವಿಶೀಲ್ಡ್ ತಯಾರಿಸುವ ಸೀರಂ ಮತ್ತು ಕೋವ್ಯಾಕ್ಸಿನ್ ತಯಾರಿಸುವ ಭಾರತ್ ಬಯೋಟೆಕ್ ಎರಡೂ ಸೇರಿ ತಿಂಗಳಿಗೆ ತಯಾರಿಸುತ್ತಿದ್ದದ್ದು ಸುಮಾರು 8 ಕೋಟಿ. ಭಾಗಾಕಾರ ಮಾಡಿದರೆ ಎರಡು ವರ್ಷದ ಹತ್ತಿರ ಬರುತ್ತದೆ. ಹೀಗಿದ್ದೂ ಮೇ 1ರಿಂದ 18 ತುಂಬಿದ ಎಲ್ಲರಿಗೂ ಬಾಗಿಲು ತೆರೆದರು. ತಯಾರಾದದ್ದರಲ್ಲಿ ಅರ್ಧ ಕೇಂದ್ರಕ್ಕೆ, ಕಾಲು ಭಾಗ ರಾಜ್ಯಗಳಿಗೆ, ಕಾಲು ಭಾಗ ಖಾಸಗಿ ಆಸ್ಪತ್ರೆಗಳಿಗೆ, ಒಬ್ಬೊಬ್ಬರಿಗೆ ಒಂದೊಂದು ದರ. ನಮ್ಮ ರಾಜ್ಯ ಜಾಗತಿಕ ಟೆಂಡರ್ ಕರೆದು ಕೈಸುಟ್ಟುಕೊಂಡಿತು. ಮಾಲೂರಿನಲ್ಲಿ ಕೋವ್ಯಾಕ್ಸಿನ್ ತಯಾರಾಗುತ್ತದೆ ಎಂಬ ಸುದ್ದಿ ಕೇಳಿ ಕೋಲಾರದವರು ಖುಷಿಪಟ್ಟರು, ಪಕ್ಕದ ಪಿಎಚ್‌ಸಿಯಲ್ಲಿ ಮಾತ್ರ ‘ಲಸಿಕೆ ಇಲ್ಲ’ ಬೋರ್ಡು. ಆಗಿನ ಆರೋಗ್ಯ ಸಚಿವರೂ ಚಿಕ್ಕಬಳ್ಳಾಪುರದ ಶಾಸಕರೇ. ಜಿಲ್ಲೆಗೆ ಅದರಿಂದ ಒಂದು ವಯಲ್ ಹೆಚ್ಚು ಬಂತೆಂದು ನಾನಂತೂ ಕಾಣೆ. ಕೇಂದ್ರ ಸರ್ಕಾರದವರು ಮೇ 13ರ ಪತ್ರಿಕಾಗೋಷ್ಠಿಯಲ್ಲಿ, ಅಂದರೆ ಅಂತರ ಹೆಚ್ಚಿಸಿದ ದಿನವೇ, ಆಗಸ್ಟ್‌ನಿಂದ ಡಿಸೆಂಬರ್ ಒಳಗೆ 216 ಕೋಟಿ ಡೋಸ್ ಬರುತ್ತದೆ ಎಂದು ಘೋಷಿಸಿದರು. ಜನವರಿಯಿಂದ ಹಾಕಿದ್ದೆಲ್ಲ ಸೇರಿ 100 ಕೋಟಿ ಮುಟ್ಟಿದ್ದು ಅಕ್ಟೋಬರ್ 21ಕ್ಕೆ. ಅದು ಸಣ್ಣ ಸಾಧನೆಯಲ್ಲ. ಆದರೆ ಮೊದಲು ಕೊಟ್ಟ ಅಂಕಿಯ ಪಕ್ಕದಲ್ಲಿ ಇಟ್ಟಾಗ ಸಾಧನೆಯೂ ಸೋಲಿನಂತೆ ಕಂಡಿತು. ಅಂಥ ಅಂಕಿ ಕೊಡಿ ಎಂದು ಯಾರೂ ಕೇಳಿರಲಿಲ್ಲ.

ಬೆಂಗಳೂರಿನ ಕಾರುಗಳ ಬಗ್ಗೆ. ನೀವು ನೋಡಿದ್ದು ಮೇ ಎರಡನೇ ವಾರ. ನಮ್ಮಲ್ಲಿ 18ರಿಂದ 44ರವರಿಗೆ ಸರ್ಕಾರಿ ಕೇಂದ್ರಗಳಲ್ಲಿ ವ್ಯಾಪಕವಾಗಿ ಶುರುವಾದದ್ದು ಮೇ 10ಕ್ಕೆ. 14ರಿಂದ ನಿಲ್ಲಿಸಿಬಿಟ್ಟರು, ರಾಜ್ಯ ಕೊಂಡ ಲಸಿಕೆಯನ್ನೂ 45 ದಾಟಿದವರ ಎರಡನೇ ಡೋಸ್‌ಗೆ ತಿರುಗಿಸಲು. ನಡುವಿನ ಆ ನಾಲ್ಕು ದಿನ ಬಂದವರು ಲಸಿಕೆ ಬುಕ್ ಮಾಡುವ ಕೋವಿನ್ ಪೋರ್ಟಲ್‌ನಲ್ಲಿ ಸ್ಲಾಟ್ ಹಿಡಿದು ಬಂದವರು. ಕೋವಿನ್‌ಗೆ ಊರು ಕೇರಿ ಗೊತ್ತಿಲ್ಲ. ಯಾರು ಎಲ್ಲಿ ಬೇಕಾದರೂ ಬುಕ್ ಮಾಡಬಹುದಿತ್ತು. ಸ್ಲಾಟ್ ತೆರೆದ ಕ್ಷಣವೇ ಟೆಲಿಗ್ರಾಂ ಗುಂಪಿನಲ್ಲಿ ಗಂಟೆ ಹೊಡೆಯುತ್ತಿತ್ತು, ಒಟಿಪಿ ಹಾಕಿ ಮುಗಿಸುವಷ್ಟರಲ್ಲಿ ಖಾಲಿ. ವೈಟ್‌ಫೀಲ್ಡಿನ ಹುಡುಗನ ಬೆರಳಿನ ವೇಗ ನಿಮ್ಮೂರಿನ ನೆಟ್‌ವರ್ಕಿಗೆ ಎಲ್ಲಿಂದ ಬರಬೇಕು? ಪೋರ್ಟಲ್ ಕನ್ನಡದಲ್ಲಿ ಸಿಕ್ಕಿದ್ದೇ ಜೂನ್‌ನಲ್ಲಿ. ಸುಪ್ರೀಂ ಕೋರ್ಟ್ ಮೇ 31ರ ಆದೇಶದಲ್ಲಿ ಈ ಡಿಜಿಟಲ್ ಕಂದಕದ ಬಗ್ಗೆ ಸರ್ಕಾರವನ್ನು ಪ್ರಶ್ನಿಸಿತು. 18ರಿಂದ 44ರವರಿಗೆ ದುಡ್ಡು ಕೊಟ್ಟು ಪಡೆಯಿರಿ ಎಂಬ ನೀತಿ ಮೇಲುನೋಟಕ್ಕೇ ಮನಬಂದಂತೆ ಮಾಡಿದ್ದು, ಅತಾರ್ಕಿಕ ಎಂದಿತು. ಜೂನ್ 21ರಿಂದ ಕೇಂದ್ರವೇ ಮುಕ್ಕಾಲು ಭಾಗ ಕೊಂಡು ಎಲ್ಲರಿಗೂ ಉಚಿತ ಮಾಡಿದ ಮೇಲೆ ಆ ಗೋಜಲು ಕರಗಿತು.

ಆದರೂ ಆ ಕಾರಿನವರನ್ನು ತಂದೆಯವರ ಸಾವಿಗೆ ಗಂಟು ಹಾಕಬೇಡಿ. 45 ದಾಟಿದವರ ಲಸಿಕೆ ಕೇಂದ್ರದಿಂದ ಬರುತ್ತಿತ್ತು, ಅವರು ಚುಚ್ಚಿಸಿಕೊಂಡದ್ದು ರಾಜ್ಯ ಕೊಂಡು ತಂದದ್ದು. ರಿಜಿಸ್ಟರೇ ಬೇರೆ. ಅವರು ಕಸಿದಿದ್ದರೆ ನಿಮ್ಮದನ್ನು, ನಿಮ್ಮ ವಯಸ್ಸಿನವರದನ್ನು.

ಬಾಗಿಲಲ್ಲಿ ಬೈಗುಳ ತಿಂದದ್ದು ಮಾತ್ರ ಸಿಸ್ಟರ್. ಅವರ ಪರವಾಗಿ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಆ ದಿನಗಳ ಅರ್ಧ ಜಗಳಕ್ಕೆ ಕಾರಣ ಒಂದು ಗಾಜಿನ ಬುಡ್ಡಿ. ಕೋವಿಶೀಲ್ಡ್ ವಯಲ್ ಒಂದರಲ್ಲಿ ಹತ್ತು ಡೋಸ್. ಒಮ್ಮೆ ಸೂಜಿ ಹಾಕಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಎಸೆಯಬೇಕು. ಎಸೆದರೆ ‘ವೇಸ್ಟೇಜ್ ಯಾಕೆ’ ಎಂದು ಮೇಲಿನಿಂದ ನೋಟಿಸು. ಆದ್ದರಿಂದ ಮಧ್ಯಾಹ್ನ ಮೂರು ಗಂಟೆಗೆ ಇಬ್ಬರೇ ಬಂದರೆ ‘ನಾಳೆ ಬನ್ನಿ’. ನಾಳೆ ಬಂದರೆ ಸ್ಟಾಕ್ ಇಲ್ಲ. ಫ್ರಿಜ್‌ನಲ್ಲಿ ಲಸಿಕೆ ಇಟ್ಟುಕೊಂಡೇ ಇಲ್ಲ ಅಂತಾರೆ ಎಂದು ಜನ ಕೂಗಾಡುತ್ತಿದ್ದದ್ದು ಹಲವು ಸಲ ನಿಜವೇ ಆಗಿತ್ತು. ಆ ಹತ್ತು ಡೋಸ್ ಇನ್ನೂ ಎಂಟು ಜನಕ್ಕೆ ಕಾಯುತ್ತಿದ್ದವು. ಇದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರೆ ಸಾಕಿತ್ತು. ನಾನು ಹೋದ ಕೇಂದ್ರಗಳಲ್ಲಿ ಎಲ್ಲೂ ಅದನ್ನು ಕಾಣಲಿಲ್ಲ. ಲಸಿಕೆ ಪಡೆಯಿರಿ ಎಂಬ ಭಿತ್ತಿಚಿತ್ರ ಬೇಕಾದಷ್ಟಿದ್ದವು.

ಸತ್ತವರ ಫೋನಿಗೆ ಬಂದ ಮೆಸೇಜಿಗೆ ಇಂಥ ಯಾವ ಸಮಜಾಯಿಷಿಯೂ ನನ್ನ ಹತ್ತಿರ ಇಲ್ಲ. ಆಗುತ್ತಿದ್ದದ್ದೇನು ಅಂತ ಹೇಳಬಲ್ಲೆ. 2021ರ ದ್ವಿತೀಯಾರ್ಧಕ್ಕೆ ಸ್ಟಾಕ್ ಬಂತು, ಅದರ ಹಿಂದೆ ಗುರಿ ಬಂತು. ಸೆಪ್ಟೆಂಬರ್ 17ಕ್ಕೆ ದೇಶದಲ್ಲಿ ಒಂದೇ ದಿನ 2.5 ಕೋಟಿ ಡೋಸ್ ದಾಖಲಾಯಿತು. ನವೆಂಬರ್‌ನಲ್ಲಿ ಮನೆಮನೆ ಅಭಿಯಾನ. ಎರಡನೇ ಡೋಸ್ ಬಾಕಿ ಇರುವವರ ಪಟ್ಟಿ ಪ್ರತಿ ಪಿಎಚ್‌ಸಿಗೆ ಬರುತ್ತಿತ್ತು, ಸಂಜೆಗೆ ಅದು ಎಷ್ಟು ಇಳಿಯಿತು ಎಂಬ ಪ್ರಶ್ನೆಯೂ. ಆ ಪಟ್ಟಿಯಲ್ಲಿ ‘ಮರಣ’ ಎಂದು ಗುರುತು ಹಾಕುವ ದಾರಿ ಕಷ್ಟ, ‘ಆಯಿತು’ ಎಂದು ಒತ್ತುವ ದಾರಿ ಸುಲಭ. ಒಂದು ಫೋನ್ ನಂಬರಿಗೆ ನಾಲ್ಕು ಜನರ ಹೆಸರು ಸೇರಿರುತ್ತಿದ್ದರಿಂದ ನಿಜವಾದ ಗೊಂದಲವೂ ಕೆಲವು ಕಡೆ ಆಯಿತು. ದೇಶದ ಉದ್ದಗಲಕ್ಕೂ ಇಂಥ ಸುದ್ದಿಗಳು ಬಂದವು. ನನ್ನ ಪ್ರಕಾರ ಅಂತರ ಬದಲಿಸಿದ್ದಕ್ಕಿಂತ, ಸ್ಲಾಟ್ ಸಿಗದ್ದಕ್ಕಿಂತ ಹೆಚ್ಚು ನಂಬಿಕೆ ಕೆಡಿಸಿದ್ದು ಇದು. ಸತ್ತ ಮನುಷ್ಯನಿಗೆ ಸೂಜಿ ಹಾಕಿದ್ದೇವೆ ಎಂದು ಬರೆಯುವ ವ್ಯವಸ್ಥೆ, ಬದುಕಿರುವ ಮಗುವಿನ ಬಗ್ಗೆ ಬರೆದದ್ದನ್ನು ಯಾಕೆ ನಂಬಲಿ ಎಂದು ನೀವು ಕೇಳುತ್ತಿದ್ದೀರಿ. ಕೇಳಬೇಕಾದ್ದೇ. ಅದೇ ಸೆಪ್ಟೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ ಲಸಿಕೆ ಇಲ್ಲದವರಿಗೆ ರೇಷನ್ನೂ ಇಲ್ಲ, ಪಿಂಚಣಿಯೂ ಇಲ್ಲ ಎಂಬ ಮಾತು ಎದ್ದು ಗಲಾಟೆಯಾಯಿತು. ಯಾರನ್ನೂ ಬಲವಂತವಾಗಿ ಲಸಿಕೆಗೆ ಒಡ್ಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2022ರ ಮೇ 2ಕ್ಕೆ. ಅಡ್ಡಪರಿಣಾಮಗಳ ವರದಿಯನ್ನು ಸಾರ್ವಜನಿಕರ ಮುಂದಿಡಿ ಎಂದೂ ಅದೇ ತೀರ್ಪಿನಲ್ಲಿದೆ.

ಸಲಹೆ ಬದಲಾದದ್ದಕ್ಕೆಲ್ಲ ನಾನು ಹೀಗೆ ಬೈಯುವುದಿಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗಿ ಎಂದರು, ಬೇಡ ಎಂದರು. ಪ್ಲಾಸ್ಮಾ ಕೊಡಿ ಎಂದರು, 2021ರ ಮೇ 17ಕ್ಕೆ ಕೈಬಿಟ್ಟರು. ಹೊಸ ರೋಗದಲ್ಲಿ ಪುರಾವೆ ಬಂದ ಹಾಗೆ ಸಲಹೆ ಬದಲಾಗದಿದ್ದರೇ ಭಯಪಡಬೇಕು.

ಈಗ ನಿಮ್ಮ ಮನೆಯವರ ಭಯಕ್ಕೆ ಬರೋಣ. 2025ರ ಬೇಸಿಗೆ ಕಳೆದ ಮೇಲೆ ಹಾಸನದಲ್ಲಿ ಕಿರಿಯ ವಯಸ್ಸಿನವರ ಹೃದಯಾಘಾತದ ಸುದ್ದಿಗಳು ಸಾಲುಸಾಲಾಗಿ ಬಂದವು. ಅವಸರದ ಲಸಿಕೆಯೇ ಕಾರಣ ಇರಬಹುದು ಎಂಬ ಮಾತು ಮುಖ್ಯಮಂತ್ರಿಗಳಿಂದಲೇ ಬಂತು. ನಂತರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ ಎಂದು ವರದಿ ಕೊಟ್ಟಿತು. ಮೊದಲ ಮಾತು ಮನೆಮನೆ ತಲುಪಿತು, ವರದಿ ಒಳಪುಟಕ್ಕೆ ಹೋಯಿತು. ಇದಕ್ಕೂ ಮುಂಚೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನ ಆರೋಗ್ಯವಂತರ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿತ್ತು. ಸತ್ತ 729 ಮಂದಿಯನ್ನು ಅದೇ ವಯಸ್ಸಿನ, ಅದೇ ನೆರೆಹೊರೆಯ 2,916 ಮಂದಿಯ ಜೊತೆ ಹೋಲಿಸಿದರು. ಲಸಿಕೆ ಅಪಾಯ ಹೆಚ್ಚಿಸಿರಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಹೆಚ್ಚಿಸಿದ್ದು ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಎರಡು ದಿನದೊಳಗೆ ಮಿತಿಮೀರಿ ಕುಡಿದದ್ದು ಅಥವಾ ವಿಪರೀತ ಶ್ರಮದ ವ್ಯಾಯಾಮ ಮಾಡಿದ್ದು.

ಕೋವಿಶೀಲ್ಡ್‌ಗೆ ಅಪಾಯವೇ ಇಲ್ಲ ಎಂದು ಇದರ ಅರ್ಥವಲ್ಲ. ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯುವ ಒಂದು ಅಪರೂಪದ ತೊಂದರೆ ಇದೆ. 2024ರಲ್ಲಿ ಬ್ರಿಟನ್ ನ್ಯಾಯಾಲಯದಲ್ಲಿ ಈ ಲಸಿಕೆಯ ಮೂಲ ಕಂಪನಿ ಆಸ್ಟ್ರಾಜೆನೆಕಾ ಒಪ್ಪಿಕೊಂಡಿತು ಎಂದು ಗದ್ದಲ ಎದ್ದದ್ದು ಇದಕ್ಕೇ. ಹೊಸ ಸುದ್ದಿಯೇನಲ್ಲ. 2021ರ ಮೇ 17ಕ್ಕೇ ನಮ್ಮ ರಾಷ್ಟ್ರೀಯ ಸಮಿತಿ, ದೇಶದಲ್ಲಿ ವರದಿಯಾದದ್ದು 10 ಲಕ್ಷ ಡೋಸ್‌ಗೆ 0.61 ಎಂದು ಲೆಕ್ಕ ಕೊಟ್ಟಿತ್ತು. ಅದು ಬರುವುದಾದರೆ ಚುಚ್ಚಿದ ಕೆಲವೇ ವಾರಗಳಲ್ಲಿ ಬರುತ್ತದೆ, ನಾಲ್ಕು ವರ್ಷ ಅಡಗಿ ಕೂತಿದ್ದು ಏಳುವಂಥದ್ದಲ್ಲ. ಹೊರದೇಶದ ವಿಡಿಯೋಗಳಲ್ಲಿ ಹೃದಯದ ಸ್ನಾಯು ಊದುವ ವಿಷಯ ಬರುತ್ತದಲ್ಲ, ಅದು ಮುಖ್ಯವಾಗಿ ಫೈಜರ್, ಮೊಡೆರ್ನಾ ಲಸಿಕೆಗಳದ್ದು. ಅವು ನಮ್ಮ ಅಭಿಯಾನಕ್ಕೆ ಬರಲೇ ಇಲ್ಲ.

ಮಗಳಿಗೆ ಬಾಕಿ ಇರುವುದು ಈ ಯಾವುದೂ ಅಲ್ಲ. ಮೆದುಳು ಜ್ವರದ ಲಸಿಕೆ ಕೋವಿಡ್‌ಗಿಂತ ಎಷ್ಟೋ ಮುಂಚಿನದು. ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಇದು ಒಟ್ಟಿಗೆ ಶುರುವಾಗಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಮೊದಲ ಪಟ್ಟಿಯಲ್ಲಿದ್ದವು. ತುಮಕೂರು ಸೇರಿ ಇನ್ನೂ ಹತ್ತು ಜಿಲ್ಲೆಗಳಿಗೆ ಬಂದದ್ದು 2022ರ ಡಿಸೆಂಬರ್‌ನಲ್ಲಿ. ನಮಗೆ ಮೊದಲು ಬಂದದ್ದಕ್ಕೆ ಕಾರಣ ದುಃಖದ್ದು: ಈ ರೋಗ ನಮ್ಮ ಸೀಮೆಯಲ್ಲಿ ದಶಕಗಳಿಂದ ಮಕ್ಕಳನ್ನು ತಿಂದಿದೆ. ಭಾರತದಲ್ಲೇ ತಯಾರಾದ ಜೆನ್‌ವ್ಯಾಕ್ ಎಂಬ ಮೆದುಳು ಜ್ವರದ ಲಸಿಕೆ ಇದೆ. ಅದಕ್ಕೆ ಬಳಸಿದ ವೈರಸ್ ತಳಿ 1980ರ ದಶಕದ ಆರಂಭದಲ್ಲಿ ಕೋಲಾರದ ರೋಗಿಯಿಂದ ಪ್ರತ್ಯೇಕಿಸಿದ್ದು. ವಿಜ್ಞಾನಿಗಳ ದಾಖಲೆಯಲ್ಲಿ ಅದರ ಹೆಸರೇ ಕೋಲಾರ ತಳಿ. ನಿಮ್ಮ ಪಿಎಚ್‌ಸಿಯಲ್ಲಿ ಈ ಲಸಿಕೆಯೋ ಬೇರೆ ಕಂಪನಿಯದ್ದೋ ಇರಬಹುದು, ಎರಡೂ ಪರೀಕ್ಷೆಗೆ ನಿಂತಂಥವು.

ಗದ್ದೆ, ಕುಂಟೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಹಂದಿ, ಬೆಳ್ಳಕ್ಕಿಗಳಿಂದ ಮನುಷ್ಯರಿಗೆ ತರುತ್ತದೆ. ಸೋಂಕಾದ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಸುಮಾರು 250ರಲ್ಲಿ ಒಬ್ಬರಿಗೆ ಮೆದುಳಿಗೇರುತ್ತದೆ. ಏರಿದ ಮೇಲೆ ಅದಕ್ಕೆಂದೇ ಔಷಧವಿಲ್ಲ. ನೂರರಲ್ಲಿ 30ರ ತನಕ ಸಾವು, ಉಳಿದವರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಕ್ಕಳಿಗೆ ಮಾತು, ನಡಿಗೆ, ಬುದ್ಧಿ ಯಾವುದೋ ಒಂದಕ್ಕೆ ಶಾಶ್ವತ ಪೆಟ್ಟು. ಹಾಗೆ ಉಳಿದ ಮಕ್ಕಳನ್ನು ಎತ್ತಿಕೊಂಡು ಓಪಿಡಿಗೆ ಬರುವ ತಾಯಂದಿರನ್ನು ನೋಡಿದ್ದೇನೆ. ಅದಕ್ಕೇ ಈ ಒಂದು ವಿಷಯದಲ್ಲಿ ನಾನು ‘ಯೋಚಿಸಿ ನೋಡಿ’ ಎನ್ನುವುದಿಲ್ಲ, ಹಾಕಿಸಿ ಎನ್ನುತ್ತೇನೆ.

ಸರ್ಕಾರವನ್ನು ನಂಬಿ ಎಂದು ಹೇಳುತ್ತಿಲ್ಲ. ಕೋವಿಡ್‌ನಲ್ಲಿ ನೀವು ಎದುರಿಸಿದ ಒಂದೊಂದು ತೊಂದರೆಯನ್ನೂ ಇಲ್ಲಿಗೆ ತಂದು ಹೊಂದಿಸಿ ನೋಡಿ. ಸ್ಟಾಕ್ ಕೊರತೆಯಿಂದ ಅಂತರ ಎಳೆದಾಡಿಲ್ಲ. 9 ತಿಂಗಳಿಗೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು ಎಂಬ ಪಟ್ಟಿ ವರ್ಷಗಳಿಂದ ಹಾಗೇ ಇದೆ. ಸ್ಲಾಟ್ ಬೇಡ. ರೇಷನ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ದಾಖಲೆ ಪೋರ್ಟಲ್‌ನಲ್ಲಿ ಏನೇ ಇರಲಿ, ನಿಮ್ಮ ಕೈಯಲ್ಲಿ ತಾಯಿ ಕಾರ್ಡ್ ಇದೆ. ಅದರಲ್ಲಿ ಸಿಸ್ಟರ್ ತಾರೀಖು ಬರೆದು ಸಹಿ ಹಾಕಿದ ಮೇಲೇ ಎದ್ದು ಬನ್ನಿ. ಫೋನಿಗೆ ಬರುವ ಮೆಸೇಜಿಗಿಂತ ನನಗೆ ಆ ಸಹಿಯ ಮೇಲೇ ಹೆಚ್ಚು ಭರವಸೆ.

ಗುರುವಾರ ಲಸಿಕೆ ದಿನ. ಮನೆಯವರನ್ನೂ ಕರಕೊಂಡು ಹೋಗಿ, ಪ್ರಶ್ನೆ ಕೇಳಲು ಅವರನ್ನೇ ಬಿಡಿ. ವಯಲ್ ತೋರಿಸಿ ಎನ್ನಿ. ಅದರ ಮೇಲೆ ಒಂದು ವೃತ್ತ, ಒಳಗೆ ಒಂದು ಚೌಕ ಇರುತ್ತದೆ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಬಣ್ಣದಲ್ಲಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲ. ಅಷ್ಟೇ ಗಾಢವಾಗಿದ್ದರೆ ಬೇಡ ಎನ್ನುವ ಹಕ್ಕು ನಿಮ್ಮದು. ಪುಡಿಗೆ ದ್ರವ ಬೆರೆಸಿ ತಯಾರಿಸುವ ದಡಾರ–ರುಬೆಲ್ಲಾ ಲಸಿಕೆಯಾದರೆ ಬೆರೆಸಿದ ಸಮಯ ವಯಲ್ ಮೇಲೆ ಬರೆದಿರಬೇಕು, ನಾಲ್ಕು ಗಂಟೆ ದಾಟಿರಬಾರದು. ಮಗಳ ವಯಸ್ಸಿಗೆ ಅದರ ಎರಡನೇ ಡೋಸ್, ಡಿಪಿಟಿ ಬೂಸ್ಟರ್, ಪೋಲಿಯೋ ಹನಿ ಕೂಡ ಇದೇ ಅವಧಿಯಲ್ಲಿ ಬರುತ್ತವೆ. ಕಾರ್ಡಿನಲ್ಲಿ ಯಾವುದು ಖಾಲಿ ಇದೆ ನೋಡಿ, ಒಂದೇ ದಿನ ಹಾಕಿಸಬಹುದು. ಈ ಗುರುವಾರ ಮನೆಯವರ ಮನಸ್ಸು ಒಪ್ಪದಿದ್ದರೆ ಜಗಳ ಬೇಡ, ಮುಂದಿನ ಗುರುವಾರ ಹೋಗಿ. ತಡವಾಯಿತೆಂದು ಮೊದಲಿಂದ ಶುರು ಮಾಡಬೇಕಾಗಿಲ್ಲ. ಮುಂದಿನ ಸೊಳ್ಳೆ ಕಾಲಕ್ಕೆ ಮುಂಚೆ ಆದರೆ ಒಳ್ಳೆಯದು.

ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ರಾತ್ರಿ ಜ್ವರ ಬಂದರೆ ಸಿಸ್ಟರ್ ಹೇಳಿದ ಅಳತೆಯಲ್ಲಿ ಪ್ಯಾರಸಿಟಮಾಲ್ ಕೊಡಿ, ಚುಚ್ಚಿದ ಜಾಗಕ್ಕೆ ಏನನ್ನೂ ಹಚ್ಚಬೇಡಿ, ಉಜ್ಜಬೇಡಿ. ಜ್ವರ ಎರಡು ದಿನ ದಾಟಿದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಫಿಟ್ಸ್ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ, ಆಶಾ ಅಕ್ಕನಿಗೂ ತಿಳಿಸಿ. ಅಂಥದ್ದನ್ನು ಬರೆದುಕೊಂಡು ಮೇಲಕ್ಕೆ ಕಳಿಸುವುದು ಅವರ ಕೆಲಸ. ಬರೆದುಕೊಳ್ಳಲಿಲ್ಲವಾದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ನೀವೇ ಲಿಖಿತವಾಗಿ ಕೊಡಿ. ತಂದೆಯವರ ಹೆಸರಿನಲ್ಲಿ ಬಂದ ಆ ಎರಡನೇ ಡೋಸ್‌ನ ದಾಖಲೆಯ ಬಗ್ಗೆಯೂ ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಅದೇ ಕಚೇರಿಗೆ ಒಂದು ಅರ್ಜಿ ಹಾಕಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.